ನಮ್ಮದು ಎಂಬ ಮಾತು

ಸಾಲಕ್ಕ ತನ್ನ ಮುಖವನ್ನು ಮೊದಲ ಸಲ ಗೋಡೆಯ ಮೇಲೆ ನೋಡಿದ್ದು ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ. ಬಸ್ಸು ನಿಲ್ಲುವ ಜಾಗದಲ್ಲಿ ಗಂಡಸರು ಮೂತ್ರ ಮಾಡುವ ಗೋಡೆಯೊಂದಿತ್ತು. ಅದಕ್ಕೆ ಆಳೆತ್ತರದ ಪೋಸ್ಟರು ಅಂಟಿಸಿದ್ದರು. ಪೋಸ್ಟರಿನಲ್ಲಿ ಅವಳು ಈರುಳ್ಳಿಯ ಕಂತೆ ಹಿಡಿದು ನಿಂತಿದ್ದಳು. ಹಿಂದೆ ಹೊಲ. ತಲೆಯ ಮೇಲೆ ಚುನಾವಣೆಯ ಗುರುತು, ಬಾಚಣಿಗೆಯ ಚಿತ್ರ. ಕೆಳಗೆ ದಪ್ಪ ಅಕ್ಷರ. ಅವಳಿಗೆ ಓದಲು ಬರುವುದಿಲ್ಲ. ಸೊಸೆ ಓದಿ ಹೇಳಿದಳು: ‘ಈ ಹೊಲ ನಮ್ಮದು. ಕುಟುಂಬದ ಬೇಸಾಯ ಉಳಿಸಿ.’

ಓದಿ ಮುಗಿಸಿ ಸೊಸೆ ಅತ್ತೆಯ ಮುಖ ನೋಡಿದಳು.

“ಹೊಲ ಯಾವಾಗ ತಗೊಂಡ್ರಿ ಅತ್ತೆ? ನನಗೊಂದು ಮಾತು ಹೇಳ್ಲೇ ಇಲ್ಲ.”

ಸಾಲಕ್ಕನಿಗೆ ನಗು ಬರಲಿಲ್ಲ. ಅವಳು ಪೋಸ್ಟರಿನ ಹೆಂಗಸಿನ ಕೈಗಳನ್ನೇ ನೋಡುತ್ತಿದ್ದಳು. ಕೈಗಳು ಬೆಳ್ಳಗಿದ್ದವು. ಉಗುರಿನ ಸಂದಿಯ ಕಪ್ಪು ಇರಲಿಲ್ಲ. ಹೆಬ್ಬೆರಳಿನ ಬಿರುಕು ಇರಲಿಲ್ಲ. ಯಾರೋ ಅವಳ ಕೈ ತೊಳೆದಿದ್ದರು, ಅವಳನ್ನು ಕೇಳದೆ.

ಆ ಮಾತನ್ನು ಅವಳು ಹೇಳಿದ್ದೇನೋ ನಿಜ. ಈರುಳ್ಳಿ ಕೀಳುವುದು ಆಗಷ್ಟೇ ಶುರುವಾಗಿತ್ತು. ಕ್ಯಾಮೆರಾ ಹಿಡಿದ ಇಬ್ಬರು ಬದುವಿನ ಮೇಲೆ ಬಂದು ನಿಂತು, ಯಾರ ಹೊಲ ಇದು ಅಂತ ಕೇಳಿದ್ದರು. ಬಗ್ಗಿದವಳು ತಲೆ ಎತ್ತದೆ ‘ನಮ್ಮದೇ’ ಅಂದಿದ್ದಳು. ಅದರಲ್ಲಿ ಸತ್ಯವೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಆ ಕಡೆಯ ಆಳುಗಳೆಲ್ಲ ಮಾತಾಡುವುದೇ ಹಾಗೆ. ನಮ್ಮ ಹೊಲಕ್ಕೆ ನೀರು ಬಿಡಬೇಕು. ನಮ್ಮ ಹಸು ಕರು ಹಾಕಿದೆ. ನಮ್ಮ ಈರುಳ್ಳಿಗೆ ಈ ಸಲ ರೇಟಿಲ್ಲ. ಕಾಲುವೆಯ ಸರದಿಗೆ ಎರಡು ಹೊಲದ ಆಳುಗಳು ಜಗಳಕ್ಕೆ ಬಿದ್ದರೆ ನಮ್ಮ ನೀರು, ನಿಮ್ಮ ನೀರು ಅಂತ ಕೊರಳಪಟ್ಟಿ ಹಿಡಿದುಕೊಳ್ಳುತ್ತಾರೆ. ನೀರು ಇಬ್ಬರದೂ ಅಲ್ಲ. ಪ್ರತಿ ಸಲ ‘ಯಜಮಾನರ’ ಅನ್ನಲು ಬಾಯಿ ನೋಯುತ್ತದೆ. ‘ನಮ್ಮ’ ಚಿಕ್ಕ ಮಾತು. ಬಗ್ಗಿ ದುಡಿಯುವವರಿಗೆ ಉಸಿರು ಉಳಿಯುತ್ತದೆ.

ಸಾಲಕ್ಕ ಅನ್ನುವುದೂ ಅವಳ ಹೆಸರಲ್ಲ. ಯಾವ ಕೆಲಸಕ್ಕೇ ಆಗಲಿ, ನಾಟಿಗೆ, ಕಳೆಗೆ, ಕೀಳುವುದಕ್ಕೆ, ಹೊಲದ ಮೊದಲ ಸಾಲು ಅವಳದು. ಅವಳು ಎಷ್ಟು ಬೇಗ ಹೋಗುತ್ತಾಳೋ ಉಳಿದವರು ಅಷ್ಟು ಬೇಗ ಹೋಗಬೇಕು. ಹೊಸದಾಗಿ ಬಂದವರು ಹೆಸರು ಕೇಳಿ, ಪಾಪ, ಎಷ್ಟು ಸಾಲ ಇದೆಯೋ ಅಂದುಕೊಳ್ಳುತ್ತಿದ್ದರು. ಸಾಲ ಕೊಡುವಷ್ಟು ನಂಬಿಕೆ ಅವಳ ಮೇಲೆ ಯಾರಿಗೂ ಇರಲಿಲ್ಲ. ಹಳೆಯ ಯಜಮಾನನ ಕಾಲದಲ್ಲಿ ಆ ಹೊಲಕ್ಕೆ ಬಂದವಳು. ಈಗಿನ ಯಜಮಾನ ಆಗ ಚಡ್ಡಿ ಹಾಕದ ಮಗು. ಅವನನ್ನು ಸೊಂಟದ ಮೇಲೆ ಹೊತ್ತು ಬದುವಿನುದ್ದ ತಿರುಗಿದವಳು. ಅವನು ಅವಳನ್ನು ಅಕ್ಕ ಅನ್ನುತ್ತಾನೆ, ನೀನು ಅನ್ನುತ್ತಾನೆ. ಅವಳು ಅವನನ್ನು ಯಜಮಾನ್ರೇ ಅನ್ನುತ್ತಾಳೆ, ನೀವು ಅನ್ನುತ್ತಾಳೆ. ಅವನಿಗೆ ಮೀಸೆ ಬಂದ ವರ್ಷ ಯಾರೂ ಹೇಳದೆ ಅದು ತಾನಾಗಿ ಬದಲಾಯಿತು.

ಆಸ್ಪತ್ರೆಗೆ ಹೊರಟಿದ್ದು ಸೊಸೆಯ ಬಲಗೈಗಾಗಿ. ಶೆಡ್ಡಿನಲ್ಲಿ ಈರುಳ್ಳಿಯನ್ನು ಗಾತ್ರ ನೋಡಿ ಬೇರೆ ಮಾಡುವ ಯಂತ್ರವಿದೆ. ಬೆಲ್ಟು ಎರಡು ಉರುಳೆಗಳ ನಡುವೆ ಓಡುತ್ತದೆ. ಉರುಳೆಗೆ ತಗಡಿನ ಮುಚ್ಚಳ ಇತ್ತು. ಮುಚ್ಚಳವಿದ್ದರೆ ಸಿಪ್ಪೆ ಸಿಕ್ಕಿಕೊಂಡು ಮತ್ತೆ ಮತ್ತೆ ನಿಲ್ಲಿಸಬೇಕಾಗುತ್ತದೆ. ಹಿಂದಿನ ಬೆಳೆಯ ಹೊತ್ತಿಗೆ ಯಜಮಾನ ಅದನ್ನು ಬಿಚ್ಚಿ ಮೂಲೆಗೆ ಇಟ್ಟ. ಸೊಸೆ ಸಿಪ್ಪೆ ಎಳೆಯಲು ಹೋದಳು. ಉರುಳೆ ಸಿಪ್ಪೆಯ ಜೊತೆ ಬೆರಳನ್ನೂ ಎಳೆದುಕೊಂಡಿತು. ನಡುವಿನ ಮೂರು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಈಗ ಕೈ ನೋಡಿದರೆ ಏನನ್ನೋ ಚಿವುಟಲು ಹೊರಟ ಹಾಗೆ ಕಾಣುತ್ತದೆ.

ಬೆರಳು ಹೋದ ದಿನ ಯಜಮಾನ ತನ್ನ ಕಾರಿನಲ್ಲೇ ಅವಳನ್ನು ಕರೆದೊಯ್ದ. ಸೀಟು ರಕ್ತವಾದರೂ ತುಟಿ ಬಿಚ್ಚಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತ. ಇದನ್ನು ಸಾಲಕ್ಕ ಮರೆತವಳಲ್ಲ. ಆದರೆ ಕಾರ್ಮಿಕರ ಕಚೇರಿಯಲ್ಲಿ ಅಧಿಕಾರಿ ‘ಇವಳು ನಿಮ್ಮಲ್ಲಿ ಕೂಲಿಗೆ ಇದ್ದವಳೇನ್ರಿ?’ ಅಂತ ಕೇಳಿದಾಗ ಅದೇ ಯಜಮಾನ ಅದೇ ಮೃದುವಾದ ದನಿಯಲ್ಲಿ, “ಕೂಲಿ ಅಂತ ಯಾಕಂತೀರಿ ಸಾರ್, ಮನೆಯವಳ ಹಾಗೆ. ಸಹಾಯಕ್ಕೆ ಬಂದಿದ್ಲು” ಅಂದ.

ಮನೆಯವಳ ಹಾಗೆ. ಅಧಿಕಾರಿ ಪೆನ್ನು ಕೆಳಗಿಟ್ಟ. ಮನೆಯವರಾದರೆ ಕಾನೂನು ಅವರ ನಡುವೆ ಬರುವುದಿಲ್ಲ ಅಂದ. ಕೂಲಿಗೆ ಇಟ್ಟುಕೊಂಡಿದ್ದರು ಅಂತ ಹೇಳುವ ನಾಲ್ಕು ಜನರನ್ನು ಕರೆತರಲಿ, ಇಲ್ಲವೇ ಯಜಮಾನರೇ ಒಪ್ಪಲಿ, ಆಗ ಈ ಕೈಗೆ ಪರಿಹಾರ, ಮುಂದಿನ ಔಷಧ ಎಲ್ಲ ಆಗುತ್ತದೆ. ಇಲ್ಲದಿದ್ದರೆ ಇಲ್ಲ. ಇನ್ನೊಂದು ವಿಚಾರಣೆ ಚುನಾವಣೆ ಕಳೆದ ಮೇಲೆ.

ಸಾಲಕ್ಕ ಹೊಲದ ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದಳು. ಎಲ್ಲರೂ ಏನೋ ನೆನಪಾದವರ ಹಾಗೆ ಬೇರೆ ಕಡೆ ನೋಡಿದರು. ಕಿವಿ ಮಂದವಾದ ಮುದುಕಿಯೊಬ್ಬಳಿದ್ದಳು, ಕೆಪ್ಪಜ್ಜಿ. ಅವಳ ಕಿವಿ ಆ ದಿನ ಇನ್ನಷ್ಟು ಮಂದವಾಯಿತು. ಸಾಲಕ್ಕನಿಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಅಷ್ಟೇ ಮಾಡುತ್ತಿದ್ದಳು.

*

ಆ ಸಲದ ಚುನಾವಣೆಯಲ್ಲಿ ಎಲ್ಲರ ಬಾಯಲ್ಲೂ ಕುಟುಂಬದ ಬೇಸಾಯ. ಗೋದಾಮು ಕಟ್ಟುವ ಕಂಪನಿಯೊಂದು ಸುತ್ತಲಿನ ಹೊಲಗಳನ್ನು ಕೊಳ್ಳುತ್ತ ಬಂದಿತ್ತು. ಯಜಮಾನನ ಹೊಲದ ಮೂರು ಕಡೆ ತಂತಿಬೇಲಿ ಬಿದ್ದಾಗಿತ್ತು. ಅದಕ್ಕೇ ಅಭ್ಯರ್ಥಿಗಳ ಜೀಪುಗಳು ದಿನವೂ ಧೂಳೆಬ್ಬಿಸಿಕೊಂಡು ಬರುತ್ತಿದ್ದವು.

ಬಾಚಣಿಗೆ ಗುರುತಿನ ಅಭ್ಯರ್ಥಿಗೆ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಹೆಂಗಸರಿಗೆ ಅದೊಂದೇ ಸಾಕಿತ್ತು, ಒಂದು ಸಾಲು ಕೀಳುವಷ್ಟು ಹೊತ್ತು ನಗುತ್ತಿದ್ದರು. ಅವನ ಮಾತು ಹೀಗಿತ್ತು: ಯಾವ ಹೊಲದಲ್ಲಿ ಮನೆಯವರೇ ದುಡಿಯುತ್ತಾರೋ, ಹೊರಗಿನ ಆಳಿನ ಕೈ ಬೀಳುವುದಿಲ್ಲವೋ, ಅದು ಕುಟುಂಬದ ಹೊಲ. ಅದನ್ನು ಯಾವ ಕಂಪನಿಯೂ ಮುಟ್ಟುವ ಹಾಗಿಲ್ಲ. ಯಾವ ಅಧಿಕಾರಿಯೂ ಒಳಗೆ ಕಾಲಿಟ್ಟು ಲೆಕ್ಕ ಕೇಳುವ ಹಾಗಿಲ್ಲ.

ಬಕೆಟ್ ಗುರುತಿನವನದು ಬೇರೆ ಮಾತು. ಕುಟುಂಬದ ಬೇಸಾಯ ಸೋಲುತ್ತಿರುವುದು ಆಳುಗಳ ಕಾಟದಿಂದ. ಆದ್ದರಿಂದ ಮನೆಮನೆಗೂ ಯಂತ್ರ. ನೆಡುವ ಯಂತ್ರ, ಕೀಳುವ ಯಂತ್ರ, ಮೂಟೆ ಹೊಲಿಯುವ ಯಂತ್ರ. ರೈತ ಯಾರ ಮುಂದೆಯೂ ಕೈಚಾಚಬಾರದು. ಅವನ ಹಿಂದೆ ಸುತ್ತುವವರನ್ನು ನೋಡಿ, ಬಕೆಟ್ ಹಿಡಿಯುವುದಕ್ಕೆ ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ ಅಂತ ಸೊಸೆ ಅಂದಿದ್ದಳು.

ಎರಡೂ ಧ್ವನಿವರ್ಧಕಗಳು ಒಂದೇ ಹೊಲದ ಎರಡು ಬದಿಗೆ ನಿಂತು ಕೂಗಿದ ದಿನವೂ ಇತ್ತು. ಹೆಂಗಸರು ನಡುವೆ ಬಗ್ಗಿ ಈರುಳ್ಳಿ ಕೀಳುತ್ತಿದ್ದರು. ಕೀಳುವುದೆಂದರೆ ಒಂದೇ ಚಲನೆ. ಎಡಗೈಯಿಂದ ಸೊಪ್ಪು ಸೇರಿಸಿ ಹಿಡಿ, ಬಲಗೈಯಿಂದ ಬುಡ ಸಡಿಲಿಸು, ಎಳೆ, ಮಣ್ಣು ಕೊಡವು, ಪಕ್ಕಕ್ಕೆ ಇಡು. ಸೊಂಟ ನೇರವಾಗುವುದಿಲ್ಲ. ನೇರವಾದರೆ ಮತ್ತೆ ಬಗ್ಗುವಾಗ ಹೆಚ್ಚು ನೋವು, ಅದಕ್ಕೆ ಬಗ್ಗಿದವರು ಬಗ್ಗಿಯೇ ಇರುತ್ತಾರೆ. ಮೂತ್ರಕ್ಕೆ ಹೋಗಬೇಕಾದರೆ ಕಾಲುವೆಯ ಆಚೆ ಪೊದೆ. ಮನೆಯ ಹಿಂದೆ ಕಕ್ಕಸು ಇದೆ, ಆದರೆ ಕಾಲಿನ ಮಣ್ಣು ಬೀಳುತ್ತದೆ ಅಂತ ಅದರ ಬಾಗಿಲಿಗೆ ಬೀಗ. ಅದಕ್ಕೇ ಹೆಂಗಸರು ನೀರು ಕುಡಿಯುವುದೇ ಕಡಿಮೆ.

ಬಾಚಣಿಗೆಯ ಲೆಕ್ಕದಲ್ಲಿ ತಾವು ಇಲ್ಲ. ಬಕೆಟ್ಟಿನ ಲೆಕ್ಕದಲ್ಲಿ ತಾವು ಕಾಟ. ಇಷ್ಟು ಅರ್ಥವಾಗಲು ಯಾರೂ ಸೊಂಟ ನೇರ ಮಾಡಬೇಕಾಗಿರಲಿಲ್ಲ.

*

ಪೋಸ್ಟರು ನೋಡಿ ಯಜಮಾನ ಮೊದಲು ಕೆಂಡವಾದ. ಬದುವಿನ ಮೇಲೆ ನಿಂತು, ಹೊಲ ನಿನ್ನದಾ ಅಕ್ಕ, ಯಾವಾಗಿಂದ ಅಂತ ಎಲ್ಲರ ಎದುರು ಕೇಳಿದ. ಸಾಲಕ್ಕ ಬಾಯಿ ತಪ್ಪಿ ಬಂತು ಅಂದಳು. ಮಾರನೆಯ ಬೆಳಗ್ಗೆ ಅವನ ಸಿಟ್ಟು ಇಳಿದಿತ್ತು. ಬಾಚಣಿಗೆಯವರ ಕಡೆಯವನೊಬ್ಬ, ಕನ್ನಡಕವನ್ನು ದಾರದಿಂದ ಕೊರಳಿಗೆ ನೇತುಹಾಕಿಕೊಂಡವನು, ಮನೆಗೆ ಬಂದು ಬಹಳ ಹೊತ್ತು ಮಾತಾಡಿ ಹೋಗಿದ್ದ. ಪೋಸ್ಟರು ಎಲ್ಲೆಡೆ ಜನರ ಮನಸ್ಸಿಗೆ ಹಿಡಿಸಿದೆಯಂತೆ. ಆ ತಾಯಿ ವೇದಿಕೆಗೆ ಬರಬೇಕಂತೆ. ಬಂದರೆ ಈ ಹೊಲದ ಹೆಸರು ಅಭ್ಯರ್ಥಿಯ ಬಾಯಲ್ಲಿ ಇರುತ್ತದಂತೆ. ಗೆದ್ದ ಮೇಲೆ ಮೊದಲು ಉಳಿಯುವುದು ಇದೇ ಹೊಲವಂತೆ.

ಆ ದಿನ ಸಾಲಕ್ಕನನ್ನು ಮುಂಬಾಗಿಲಿನಿಂದ ಒಳಗೆ ಕರೆದರು. ಇಷ್ಟು ವರ್ಷ ಆ ಮನೆ ಅವಳಿಗೆ ಹಿಂದಿನ ಮೆಟ್ಟಿಲವರೆಗೆ ಮಾತ್ರ ಗೊತ್ತಿತ್ತು. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕೂತರೆ ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಕೈ ಎಲ್ಲಿಡಬೇಕೋ ತಿಳಿಯದೆ ಒಂದರ ಮೇಲೊಂದು ಇಟ್ಟುಕೊಂಡಳು. ಯಜಮಾನ್ತಿ ಟೀ ತಂದು ಕೊಟ್ಟಳು. ಕಪ್ಪಿಗೆ ಕಿವಿ ಇತ್ತು. ಅವಳ ಬೆರಳು ಅದರೊಳಗೆ ಹೋಗಲಿಲ್ಲ.

ಕನ್ನಡಕದವನು ಮತ್ತೆ ಬಂದಿದ್ದ, ಎದುರು ಕೂತ.

“ಅಮ್ಮಾ, ನೀವು ಇವರಿಗೆ ಏನಾಗ್ಬೇಕು?”

“ಆಳು.”

“ಅಲ್ಲಮ್ಮ. ಸಂಬಂಧದಲ್ಲಿ.”

“ಸಂಬಂಧದಲ್ಲೂ ಆಳೇ.”

ಅವನು ಯಜಮಾನನ ಕಡೆ ನೋಡಿದ. ಯಜಮಾನ, ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆಯುವುದು ಅಂದ. ಹಾಗಾದರೆ ಆಯಿತಲ್ಲ, ಅಕ್ಕ, ಅಂದ ಕನ್ನಡಕದವನು. ವೇದಿಕೆಯ ಮೇಲೆ ಅಭ್ಯರ್ಥಿ ಈ ಹೊಲ ಯಾರದಮ್ಮ ಅಂತ ಕೇಳುತ್ತಾರೆ, ನಮ್ಮದು ಅನ್ನಬೇಕು. ಯಾರು ಯಾರು ದುಡಿಯುತ್ತೀರಿ ಅಂತ ಕೇಳುತ್ತಾರೆ, ನಾನು, ನನ್ನ ತಮ್ಮ, ಮನೆಯವರು ಅನ್ನಬೇಕು. ಆಮೇಲೆ ತಮ್ಮನ ಕಡೆ ತಿರುಗಿ ಪ್ರೀತಿಯಿಂದ ಒಂದು ಮಾತು. ಎಲ್ಲಿ, ಒಂದು ಸಲ ಹೇಳಿ ನೋಡೋಣ, ‘ತಮ್ಮಾ, ನೀನು ಹೆದರಬೇಡ.’

ಸಾಲಕ್ಕ ಬಾಯಿ ತೆರೆದಳು. ‘ತಮ್ಮಾ’ ಹೇಗೋ ಬಂತು. ‘ನೀನು’ ಬರಲಿಲ್ಲ. ನಾಲಿಗೆ ಅಲ್ಲಿಯವರೆಗೆ ಹೋಗಿ ನಿಂತುಬಿಟ್ಟಿತು. ‘ತಮ್ಮಾ, ನೀವು ಹೆದರಬೇಡಿ’ ಅಂದಳು. ಕನ್ನಡಕದವನು ನಕ್ಕ. ಇನ್ನೊಮ್ಮೆ ಅಂದ. ಇನ್ನೊಮ್ಮೆಯೂ ‘ನೀವು’ ಬಂತು. ಮತ್ತೊಮ್ಮೆ. ಅವಳ ಕುತ್ತಿಗೆ ಬೆವರಿತು. ಇಡೀ ದಿನ ಬಿಸಿಲಲ್ಲಿ ಬಗ್ಗಿದರೂ ಹಾಗೆ ಬೆವರುತ್ತಿರಲಿಲ್ಲ. ಯಜಮಾನ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ಅವನ ಕಿವಿಯೂ ಕೆಂಪಾಗಿತ್ತು.

ಅವಳು ಎದ್ದು ಹೊರಬಂದು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿನಿಂದ ಒಳಗೆ ಕಾಣಿಸಿತು. ಯಜಮಾನ್ತಿ ಒದ್ದೆ ಬಟ್ಟೆ ತಂದು ಕುರ್ಚಿ ಒರೆಸುತ್ತಿದ್ದಳು. ಸಿಟ್ಟಿನಿಂದ ಅಲ್ಲ, ಅಸಹ್ಯದಿಂದಲೂ ಅಲ್ಲ. ಉಂಡ ಮೇಲೆ ತಟ್ಟೆ ತೊಳೆಯುವ ಹಾಗೆ, ಯೋಚನೆಯಿಲ್ಲದೆ.

ಯಜಮಾನ ಹಿಂದೆಯೇ ಬಂದ. ಶೆಡ್ಡಿನ ಪಕ್ಕ ಅವಳನ್ನು ನಿಲ್ಲಿಸಿದ. ಅವನಿಗೂ ನಿದ್ದೆಯಿರಲಿಲ್ಲ, ಕಣ್ಣ ಕೆಳಗೆ ಚರ್ಮ ಜೋತಿತ್ತು.

“ಅಕ್ಕ, ಈ ಹೊಲ ಹೋದ್ರೆ ನಿನಗೂ ಕೆಲಸ ಇಲ್ಲ, ನನಗೂ ನೆಲೆ ಇಲ್ಲ. ಒಂದು ಮಾತು. ಮೈಕಿನಲ್ಲಿ ಒಂದೇ ಒಂದು ಮಾತು.”

“ಸೊಸೆ ಕೈ?”

“ಎಲೆಕ್ಷನ್ ಮುಗೀಲಿ, ನೋಡೋಣ.”

“ಮೈಕಿನಲ್ಲಿ ಮನೆಯವಳು ಅಂದ್ಮೇಲೆ ಆಫೀಸಿನಲ್ಲಿ ಕೂಲಿಯವಳು ಅಂತ ಯಾವ ಬಾಯಲ್ಲಿ ಹೇಳ್ಲಿ ಯಜಮಾನ್ರೇ?”

ಅವನು ನೆಲದ ಮೇಲೆ ಬಿದ್ದಿದ್ದ ಈರುಳ್ಳಿಯೊಂದನ್ನು ಕಾಲಿನಿಂದ ಹೊರಳಿಸಿದ. ಆಮೇಲೆ ಶೆಡ್ಡಿನ ಹಿಂದಿನ ಕೋಣೆಯ ಕಡೆ ನೋಡಿದ. ಸಾಲಕ್ಕ, ಸೊಸೆ, ಲಾರಿಯ ಮೇಲೆ ಊರೂರು ತಿರುಗಿ ಯಾವಾಗಲೋ ಮನೆಗೆ ಬರುವ ಮಗ, ಮೂವರೂ ಇರುವುದು ಆ ಕೋಣೆಯಲ್ಲೇ. ಕೋಣೆ ಅವನದು.

“ಯೋಚನೆ ಮಾಡು,” ಅಂದ ಅಷ್ಟೇ.

*

ಸಭೆ ಮಾರುಕಟ್ಟೆಯ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಹೆಂಗಸರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಒಂದು ದಿನದ ಕೆಲಸ ತಪ್ಪಿದ ಖುಷಿಯೂ ಇಲ್ಲ, ಯಾಕೆಂದರೆ ಕಿತ್ತ ಈರುಳ್ಳಿ ಹೊಲದಲ್ಲಿ ಸಾಲುಸಾಲಾಗಿ ಒಣಗುತ್ತಿತ್ತು, ನಾಳೆ ಎತ್ತುವುದು ಅವರೇ. ಸೊಸೆ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು. ಬಲಗೈಯನ್ನು ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಬರುವಾಗ ಅವಳು ಅತ್ತೆಗೆ ಏನೂ ಹೇಳಿರಲಿಲ್ಲ. ಹಾಗೆ ಹೇಳು, ಹೀಗೆ ಹೇಳು ಅನ್ನಲಿಲ್ಲ. ಕೋಣೆ ಹೋಗುತ್ತದೆ ಅನ್ನುವುದೂ ಅವಳಿಗೆ ಗೊತ್ತಿತ್ತು.

ಸಾಲಕ್ಕನಿಗೆ ಹೊಸ ಬಟ್ಟೆ ಉಡಿಸಿದ್ದರು. ಕೈಗೆ ಈರುಳ್ಳಿಯ ಕಂತೆ ಕೊಟ್ಟರು. ಅದು ಅವರ ಹೊಲದ್ದಲ್ಲ. ಅಂಗಡಿಯಿಂದ ತಂದಿದ್ದು, ಸೊಪ್ಪು ಹಸಿರಾಗಿ ಕಾಣಲೆಂದು ನೀರು ಚಿಮುಕಿಸಿದ್ದರು.

ಅಭ್ಯರ್ಥಿಯ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಚೆನ್ನಾಗಿ ಮಾತಾಡಿದ. ತಾನೂ ಮಣ್ಣಿನ ಮಗ ಅಂದ. ಹೊಲ ಅಂದರೆ ಬರೀ ನೆಲವಲ್ಲ, ಮನೆ ಅಂದ. ಮನೆಯೊಳಗೆ ಯಜಮಾನ ಯಾರು, ಆಳು ಯಾರು, ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವವರು ಅಂದ. ಕೆಪ್ಪಜ್ಜಿ ಪಕ್ಕದವಳನ್ನು, ಏನಂತೆ ಅಂತ ಕೇಳಿದಳು. ಒಂದೇ ತಟ್ಟೆಯಂತೆ ಅಂದಳು ಪಕ್ಕದವಳು. ಹಾಗಾದರೆ ತೊಳೆಯೋದು ಯಾರಂತೆ ಅಂದಳು ಕೆಪ್ಪಜ್ಜಿ.

ಆಮೇಲೆ ಅವನು ಸಾಲಕ್ಕನ ಹೆಗಲ ಮೇಲೆ ಕೈಯಿಟ್ಟು ಮುಂದೆ ತಂದ. ಮೈಕನ್ನು ಅವಳ ಬಾಯಿಗೆ ಹಿಡಿದ.

“ಹೇಳಿ ತಾಯಿ. ಈ ಹೊಲ ಯಾರದು?”

ಅಷ್ಟು ಜನರನ್ನು ಅವಳು ಯಾವತ್ತೂ ಎತ್ತರದಿಂದ ನೋಡಿರಲಿಲ್ಲ. ಎಲ್ಲರ ತಲೆ ಕಾಣುತ್ತಿತ್ತು, ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಸೊಸೆ ತಲೆ ತಗ್ಗಿಸಿಕೊಂಡಿದ್ದಳು. ಬಾಯಿಯ ತುದಿಗೆ ಆ ಚಿಕ್ಕ ಮಾತು ಬಂದು ನಿಂತಿತ್ತು. ಹೇಳಿದರೆ ಮುಗಿಯುತ್ತದೆ. ಕೆಳಗಿಳಿಯಬಹುದು. ನೀರು ಕುಡಿಯಬಹುದು.

“ಯಜಮಾನ್ರದು,” ಅಂದಳು.

ಅಭ್ಯರ್ಥಿ ಗಟ್ಟಿಯಾಗಿ ನಕ್ಕ. ನೋಡಿದಿರಾ, ಅಂದ. ತಮ್ಮನಾದರೂ ಮನೆಗೆ ಯಜಮಾನ ಅವನೇ ಅನ್ನುತ್ತಿದ್ದಾಳೆ ಈ ತಾಯಿ. ಎಂಥ ಮನಸ್ಸು. ಇದಪ್ಪ ಕುಟುಂಬ ಅಂದರೆ. ಅಂಗಳದ ತುಂಬ ಚಪ್ಪಾಳೆ ಬಿತ್ತು. ಶಿಳ್ಳೆ ಬಿತ್ತು. ವೇದಿಕೆಯ ಬದಿಯಲ್ಲಿ ನಿಂತಿದ್ದ ಯಜಮಾನನ ಮುಖಕ್ಕೆ ಜೀವ ಬಂತು.

ಸಾಲಕ್ಕ ದಿಕ್ಕುಗೆಟ್ಟು ನಿಂತಳು. ಮನೆಯಲ್ಲಿ ಹಿರಿಯನೂ ಯಜಮಾನ, ಕಟ್ಟಿಕೊಂಡ ಗಂಡನೂ ಯಜಮಾನ, ಕೂಲಿ ಕೊಡುವವನೂ ಯಜಮಾನ. ಅವಳು ಹುಡುಕಿ ತೆಗೆದ ಮಾತನ್ನು ಅವನು ಅವಳ ಕೈಯಿಂದಲೇ ಕಿತ್ತು ಕಿಸೆಗೆ ಹಾಕಿಕೊಂಡಿದ್ದ. ಇನ್ನು ಯಾವ ಮಾತಿದೆ? ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವಳನ್ನು ಹಿಂದಕ್ಕೆ ಕರೆದೊಯ್ಯಲು ಕನ್ನಡಕದವನು ಬರುತ್ತಿದ್ದ. ಅವಳು ಕಂತೆಯನ್ನು ಕೆಳಗೆ ಹಾಕಿದಳು. ಎರಡೂ ಕೈಯಲ್ಲಿ ಮೈಕಿನ ಕುತ್ತಿಗೆ ಹಿಡಿದಳು. ನೆಲದಿಂದ ಗೆಡ್ಡೆ ಕಿತ್ತು ಕಿತ್ತು ಗಟ್ಟಿಯಾದ ಕೈ. ಅಭ್ಯರ್ಥಿ ಎಳೆದರೂ ಬರಲಿಲ್ಲ.

“ಮನೆ ಯಜಮಾನ ಅಲ್ಲ. ಕೂಲಿ ಕೊಡೋ ಯಜಮಾನ. ನಾನು ಅವರ ಅಕ್ಕ ಅಲ್ಲ, ಆಳು. ನನ್ನ ಸೊಸೆನೂ ಆಳು. ಅವಳ ಮೂರು ಬೆರಳು ಅವರ ಯಂತ್ರದಲ್ಲಿ ಹೋಗಿವೆ. ಮನೆಯವಳ ಹಾಗೆ ಅಂದು ಕೈ ತೊಳ್ಕೊಂಡ್ರು. ಹಾಗೆ ಅನ್ನೋದು ಬೇಡ ನಮಗೆ. ಕೂಲಿಯವರು ಅನ್ನಿ, ಸಾಕು.”

‘ಸಾಕು’ ಅನ್ನುವುದು ಧ್ವನಿವರ್ಧಕದಲ್ಲಿ ಬರಲಿಲ್ಲ. ಅಷ್ಟರಲ್ಲಿ ತಂತಿ ಕಿತ್ತಿದ್ದರು. ಆದರೆ ಮುಂದಿನ ಸಾಲಿಗೆ ಕೇಳಿಸಿತು. ಸೊಸೆ ತಲೆ ಎತ್ತಿದಳು. ಮಡಿಕೆಯಿಂದ ಕೈ ಹೊರಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಳು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ಅದನ್ನು ನೋಡಿ ಸ್ವಲ್ಪ ಸರಿದು ಕೂತಳು. ಸೊಸೆ ಕೈ ತೆಗೆಯಲಿಲ್ಲ.

ವೇದಿಕೆಯ ಮೇಲೆ ಹಾಡು ಹಾಕಿದರು. ತಾಯಿಗೆ ಬಿಸಿಲಿಗೆ ತಲೆ ಸುತ್ತಿದೆ ಅಂತ ಅಭ್ಯರ್ಥಿ ಕೂಗಿ ಹೇಳಿದ. ಇಬ್ಬರು ರಟ್ಟೆ ಹಿಡಿದು ಅವಳನ್ನು ಹಿಂದಿನ ಏಣಿಯಿಂದ ಇಳಿಸಿದರು. ಇಳಿಸಿದರು ಅನ್ನುವುದಕ್ಕಿಂತ ಬಿಟ್ಟರು. ಕೊನೆಯ ಮೆಟ್ಟಿಲಲ್ಲಿ ಮೊಣಕಾಲು ತರಚಿತು.

*

ವಾಪಸ್ ಹೋಗುವಾಗ ಟ್ರ್ಯಾಕ್ಟರ್ ಇರಲಿಲ್ಲ. ಹೆಂಗಸರೆಲ್ಲ ನಡೆದೇ ಹೊರಟರು. ಯಾರೂ ಸಾಲಕ್ಕನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಕೆಪ್ಪಜ್ಜಿ ಮಾತ್ರ, ಹೊಸ ಬಟ್ಟೆ ವಾಪಸ್ ಕೇಳುತ್ತಾರಾ ಅಂತ ಕೇಳಿದಳು. ಕೇಳಿದರೆ ಮಣ್ಣಾಗಿದೆ ಅನ್ನು, ಇನ್ನು ಉಟ್ಟುಕೊಳ್ಳುವವರು ಯಾರು ಅಂದಳು ಇನ್ನೊಬ್ಬಳು. ಆಗ ಎಲ್ಲರೂ ಸ್ವಲ್ಪ ನಕ್ಕರು. ನಗು ಬಹಳ ದೂರ ಹೋಗಲಿಲ್ಲ. ಕಾಲು ನೋಯುತ್ತಿದ್ದವು.

ಅರ್ಧ ದಾರಿಯಲ್ಲಿ ಬಕೆಟ್ಟಿನವರ ಜೀಪು ಬಂದು ಪಕ್ಕದಲ್ಲಿ ನಿಂತಿತು. ಸುದ್ದಿ ಅವರಿಗೆ ಮುಟ್ಟಿತ್ತು. ಅಮ್ಮಾ, ಇದನ್ನೇ ನಮ್ಮ ವೇದಿಕೆಯಲ್ಲೂ ಹೇಳಬೇಕು, ಹತ್ತಿ, ಎಲ್ಲರೂ ಹತ್ತಿ ಅಂದರು. ಸಾಲಕ್ಕ ಜೀಪಿನ ನೆರಳಿನಲ್ಲಿ ನಿಂತು ಉಸಿರು ತೆಗೆದುಕೊಂಡಳು.

“ಹೇಳಿದ್ರೆ ಈರುಳ್ಳಿ ಕೀಳೋ ಯಂತ್ರ ತರೋದು ಬಿಡ್ತೀರಾ?”

ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂತ್ರ ಬೇರೆ, ಇದು ಬೇರೆ ಅಂದ ಒಬ್ಬ.

“ನಮಗೆ ಎರಡೂ ಒಂದೇ ಅಪ್ಪ. ಹೋಗ್ಬನ್ನಿ,” ಅಂದು ಅವಳು ನಡೆದಳು.

ಕೋಣೆಗೆ ಬಂದ ಮೇಲೆ ಸೊಸೆ ಅವಳ ಮೊಣಕಾಲು ತೊಳೆದಳು. ಎಡಗೈಯಿಂದ ನೀರು ಹಾಕಿ, ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದ ಮಣ್ಣು ಒರೆಸಿದಳು. ಇಲ್ಲಿಂದ ಎತ್ತಿಹಾಕಿದರೆ ಎಲ್ಲಿಗೆ ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ. ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ. ಅದಕ್ಕೆ ಇಬ್ಬರಲ್ಲೂ ಶಕ್ತಿ ಇರಲಿಲ್ಲ.

*

ಮಾರನೆಯ ಬೆಳಗ್ಗೆ ಮೋಡ ಕವಿದಿತ್ತು. ಕಿತ್ತ ಈರುಳ್ಳಿ ಹೊಲದುದ್ದಕ್ಕೂ ಸಾಲುಸಾಲು ಬಿದ್ದಿತ್ತು. ಗೆಡ್ಡೆಗಳ ಕತ್ತು ಇನ್ನೂ ಪೂರ್ತಿ ಒಣಗಿರಲಿಲ್ಲ. ಈಗ ನೆನೆದರೆ ನೀರು ಕತ್ತಿನಿಂದ ಒಳಗಿಳಿಯುತ್ತದೆ, ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಕೊಳೆಯುತ್ತದೆ. ವ್ಯಾಪಾರಿಯೊಬ್ಬ ಲಾರಿ ತಂದು ರಸ್ತೆಯಲ್ಲಿ ನಿಲ್ಲಿಸಿ, ಬಾಗಿಲಿಗೆ ಒರಗಿ ಆಕಾಶ ನೋಡುತ್ತಿದ್ದ.

ಹೆಂಗಸರು ದಿನದ ಹಾಗೇ ಬಂದರು. ಆದರೆ ಹೊಲಕ್ಕೆ ಇಳಿಯಲಿಲ್ಲ. ಇಳಿಯಬೇಡಿ ಅಂತ ಯಾರೂ ಹೇಳಿರಲಿಲ್ಲ. ಸಾಲಕ್ಕ ಬದುವಿನ ಮೇಲೆ ಕೂತಳು, ಮೊದಲ ಸಾಲು ಖಾಲಿ ಉಳಿಯಿತು. ಮೊದಲ ಸಾಲು ಖಾಲಿಯಾದರೆ ಎರಡನೆಯದಕ್ಕೆ ಯಾರು ಇಳಿಯುತ್ತಾರೆ? ಅವರೂ ಕೂತರು.

ಯಜಮಾನ ಬಂದ. ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಯಾರ ಮುಖವನ್ನೂ ನೋಡದೆ ಇಬ್ಬರೂ ಇಳಿದು ಬುಟ್ಟಿ ತುಂಬತೊಡಗಿದರು. ಅವನಿಗೆ ಕೆಲಸ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಯಜಮಾನ್ತಿಗೆ ಬಗ್ಗಿ ಅಭ್ಯಾಸವಿಲ್ಲ. ನಾಲ್ಕು ಹಿಡಿಗೊಮ್ಮೆ ಸೊಂಟ ಹಿಡಿದು ನಿಲ್ಲುತ್ತಿದ್ದಳು. ಹೊಲ ಎಷ್ಟು ದೊಡ್ಡದು ಅನ್ನುವುದು ಅವಳಿಗೆ ಅವತ್ತು ಗೊತ್ತಾದ ಹಾಗಿತ್ತು.

“ಈಗ ನೋಡಿ,” ಅಂದಳು ಸೊಸೆ ಮೆಲ್ಲಗೆ, “ಕುಟುಂಬದ ಬೇಸಾಯ.”

ಸಾಲಕ್ಕನಿಗೆ ಕೂರಲು ಆಗುತ್ತಿರಲಿಲ್ಲ. ಒಂದೊಂದು ಗೆಡ್ಡೆಯೂ ಅವಳು ಎಳೆಯ ಸಸಿಯಾಗಿ ನೆಟ್ಟಿದ್ದು. ಮೋಡ ತಗ್ಗಿದಂತೆಲ್ಲ ಅವಳ ಬೆರಳು ತಾವಾಗಿ ಮಡಚಿಕೊಳ್ಳುತ್ತಿದ್ದವು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತಳು.

ಗಾಳಿ ತಣ್ಣಗಾಯಿತು. ಯಜಮಾನ ನೇರವಾಗಿ ನಿಂತು ಆಕಾಶ ನೋಡಿದ, ತಾವು ತುಂಬಿದ ಬುಟ್ಟಿಗಳನ್ನು ನೋಡಿದ, ಉಳಿದ ಹೊಲ ನೋಡಿದ. ಬದುವಿನ ಹತ್ತಿರ ಬಂದ. ಅಕ್ಕ, ಆಗಿದ್ದು ಆಯಿತು, ಏಳು ಅಂದ. ನಮ್ಮ ಈರುಳ್ಳಿ ನೆನೆಯುತ್ತದೆ ಅಂದ. ಮನೆಯವರಲ್ಲಿ ಒಂದು ಮಾತು ಬರುತ್ತದೆ, ಹೋಗುತ್ತದೆ ಅಂದ. ಸಾಲಕ್ಕ ಏಳಲಿಲ್ಲ. ಒಂದು ಮಳೆಹನಿ ಯಜಮಾನನ ಕೈಯ ಮೇಲೆ ಬಿತ್ತು. ಅವನು ಅದನ್ನು ನೋಡಿದ. ಹಿಡಿದುಕೊಂ‍ಡಿದ್ದುದೆಲ್ಲ ಒಮ್ಮೆಗೇ ಬಿಟ್ಟುಹೋಯಿತು.

“ಯಾರು ಅಂದ್ಕೊಂಡಿದೀರೇ ನೀವು? ಮನೆಗೆ ಕರೆದು ಕುರ್ಚಿ ಕೊಟ್ಟರೆ ತಲೆ ಮೇಲೆ ಹತ್ತಿ ಕೂತ್ಕೊಳ್ತೀರಾ? ಇಷ್ಟು ವರ್ಷ ಕೂಲಿ ಕೊಟ್ಟು ಸಾಕಿದೀನಿ. ಕೂಲಿಯವರು ಕೂಲಿಯವರ ಹಾಗೆ ಇರಿ. ನಿನ್ನ ಸೊಸೆನ ಕೆಲಸಕ್ಕೆ ಇಟ್ಕೊಂಡಿದ್ದೇ ನನ್ನ ತಪ್ಪು. ಏಳ್ರೇ ಮೇಲೆ.”

ಮಾತು ಹೊಲದ ಆಚೆಯವರೆಗೆ ಹೋಯಿತು. ರಸ್ತೆಯಲ್ಲಿ ವ್ಯಾಪಾರಿ ತಿರುಗಿ ನೋಡಿದ. ಯಜಮಾನ್ತಿ ಬುಟ್ಟಿ ಕೆಳಗಿಟ್ಟಳು.

ಸಾಲಕ್ಕ ನೆಲಕ್ಕೆ ಕೈಯೂರಿ ಎದ್ದಳು. ಮೊಣಕಾಲು ಲಟ್ ಅಂದಿತು.

“ಏಳ್ತೀವಿ ಯಜಮಾನ್ರೇ. ಕೂಲಿಗೆ ಬರ್ತೀವಿ. ಈಗ ಅಂದಿದ್ದನ್ನ ಆಫೀಸಿನಲ್ಲೂ ಅನ್ನಿ.”

ತಾನು ಏನು ಹೇಳಿದೆ ಅನ್ನುವುದು ಅವನಿಗೆ ಆಗ ಕೇಳಿಸಿತು. ಅವನು ರಸ್ತೆಯ ಕಡೆ ನೋಡಿದ. ವ್ಯಾಪಾರಿ ತಕ್ಷಣ ಲಾರಿಯ ಟಾರ್ಪಾಲಿನ ಹಗ್ಗ ಬಿಗಿಯಲು ಶುರುಮಾಡಿದ್ದ, ಪ್ರಪಂಚದಲ್ಲಿ ಅದೊಂದೇ ಕೆಲಸ ಅನ್ನುವ ಹಾಗೆ.

“ನನಗೆ ಕೇಳಿಸ್ತು,” ಅಂದಳು ಬದುವಿನ ಮೇಲಿದ್ದ ಒಬ್ಬಳು.

“ನನಗೂ.”

ಇನ್ನೊಬ್ಬಳು ಬಾಯಿ ಬಿಡದೆ ತಲೆಯಾಡಿಸಿದಳು. ಕೊನೆಗೆ ಕೆಪ್ಪಜ್ಜಿ ಕೋಲೂರಿ ಎದ್ದು ನಿಂತಳು.

“ಇಷ್ಟು ಜೋರಾಗಿ ಹೇಳಿದ್ರೆ ನನಗ್ಯಾಕೆ ಕೇಳ್ಸಲ್ಲಪ್ಪ,” ಅಂದಳು. “ನಾನೂ ಬರ್ತೀನಿ ಆಫೀಸಿಗೆ. ಬಸ್ಸು ಹತ್ತಿಸೋರು ಬೇಕು ಅಷ್ಟೆ.”

ಯಾರೂ ನಗಲಿಲ್ಲ. ಮತ್ತೆರಡು ಹನಿ ಬಿದ್ದವು. ಹೆಂಗಸರು ಬುಟ್ಟಿ ತೆಗೆದುಕೊಂಡು ಇಳಿದರು. ಸಾಲಕ್ಕ ಮೊದಲ ಸಾಲಿಗೆ ಬಗ್ಗಿದಳು. ಸೊಂಟ ಎಂದಿನ ಜಾಗದಲ್ಲೇ ಎಂದಿನ ಹಾಗೇ ನೋಯಿತು. ಕೋಣೆ ಇರುತ್ತದೋ ಇಲ್ಲವೋ, ಅಧಿಕಾರಿ ನಂಬುತ್ತಾನೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಸೊಸೆ ಹೆಬ್ಬೆರಳು, ಕಿರುಬೆರಳುಗಳ ನಡುವೆ ಗೆಡ್ಡೆ ಸಿಕ್ಕಿಸಿ ಎತ್ತುತ್ತಿದ್ದಳು. ಒಂದು ಎತ್ತಿದರೆ ಒಂದು ಜಾರುತ್ತಿತ್ತು. ಜಾರಿದ್ದನ್ನು ಮತ್ತೆ ಎತ್ತುತ್ತಿದ್ದಳು. ಯಜಮಾನ ಬದುವಿನ ಮೇಲೆ ನಿಂತೇ ಇದ್ದ. ಮಳೆ ಹತ್ತಿರ ಬರುತ್ತಿತ್ತು. ಸಾಲಕ್ಕ ತನ್ನ ಸಾಲಿನ ವೇಗ ಇಳಿಸಿದಳು, ಸೊಸೆ ಹಿಂದುಳಿಯದಷ್ಟು. ಅವಳನ್ನು ನೋಡಿ ಉಳಿದವರೂ ಇಳಿಸಿದರು. ಬೇಗ ಅಂತ ಯಾರೂ ಅನ್ನಲಿಲ್ಲ.